ಬೆಳ್ಳಿಯ ಬಲಗಿವಿ

ಕಳೆದ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನನ್ನ ದಿಂಬಿನ ಮೇಲೆ ಒಂದು ಹಳದಿ ಕಲೆ.

ನಿಮ್ಮ ದಿಂಬಿನ ಮೇಲೆ ಕಲೆ ಬಿದ್ದರೆ ನೀವೇನು ಮಾಡುತ್ತೀರಿ? ಕವರ್ ಬಿಚ್ಚಿ ವಾಷಿಂಗ್ ಮೆಷಿನ್ನಿಗೆ ಹಾಕುತ್ತೀರಿ. ನಾನು ಹಾಸಿಗೆಯ ಮೇಲೆ ಕೂತು, ಯಾವ ಮಗ್ಗುಲಲ್ಲಿ ಮಲಗಿದ್ದೆ ಎಂದು ನೆನಪು ಮಾಡಿಕೊಳ್ಳತೊಡಗಿದೆ. ಎಡಮಗ್ಗುಲಾದರೆ ಹಳೆಯ ಕಥೆ. ಬೇಸರದ್ದೇ, ಆದರೆ ಪರಿಚಯದ್ದು.

ಕರ್ಚೀಫಿನ ತುದಿಯನ್ನು ಕಿರುಬೆರಳಿಗೆ ಸುತ್ತಿ ಎಡಗಿವಿಗೆ ಇಟ್ಟೆ. ಒಣಗಿತ್ತು. ಬಲಗಿವಿಗೆ ಇಟ್ಟೆ. ಒದ್ದೆ.

ಕರ್ಚೀಫನ್ನು ಬೆಳಕಿಗೆ ಹಿಡಿದೆ. ಅದೇ ಹಳದಿ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ನನ್ನ ಎಡಗಿವಿಯ ಪರಿಚಯ ಇದ್ದೇ ಇದೆ. ಹೊಸಬರಿಗೆ ಚುಟುಕಾಗಿ ಹೇಳುತ್ತೇನೆ. ಹೊರಗೆ ಇರಬೇಕಾದ ಚರ್ಮ ಕಿವಿಯ ಪರದೆಯ ಒಳಗೆ ಸೇರಿಕೊಂಡು ಅಲ್ಲೇ ಬೆಳೆಯುವ ಕಾಯಿಲೆ ನನ್ನದು. ಬೆಳೆಯುವುದಷ್ಟೇ ಅಲ್ಲ, ಸುತ್ತಲಿನ ಮೂಳೆಯನ್ನೂ ತಿನ್ನುತ್ತದೆ. ಹೆಸರು ಕೊಲೆಸ್ಟಿಯಟೋಮಾ. (ಕೊಲೆಸ್ಟರಾಲಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಬಜ್ಜಿ, ಬೋಂಡ ಬಿಡಿ ಎಂದು ಉಪದೇಶ ಮಾಡುವವರು ದಯವಿಟ್ಟು ಗಮನಿಸಿ.) ಔಷಧಿಗೆ ಬಗ್ಗುವುದಿಲ್ಲ. ಕಿವಿಯ ಹಿಂದೆ ಕೊಯ್ದು, ಮೂಳೆ ಕೊರೆದು, ಕೆರೆದು ತೆಗೆಯಬೇಕು. ತೆಗೆದರೂ ಒಂದು ಚೂರು ಎಲ್ಲೋ ಮೂಲೆಯಲ್ಲಿ ಉಳಿದರೆ ಸಾಕು, ಮತ್ತೆ ಶುರು. ನನಗೆ ಮೂರು ಸಲ ಆಗಿದೆ.

ಮೊದಲ ಆಪರೇಷನ್ನಿಗೆ ಜನ ಸೇಬು ತಂದರು. ಎರಡನೆಯದಕ್ಕೆ ಬ್ರೆಡ್ ತಂದರು. ಮೂರನೆಯದಕ್ಕೆ ವಾಟ್ಸಾಪಿನಲ್ಲಿ ಮುಗಿದ ಕೈ ಬಂತು. ಅವರದೂ ತಪ್ಪಿಲ್ಲ. ವಾಸಿಯಾಗುವ ಕಾಯಿಲೆಗೆ ಹೇಗೆ ಮಾತಾಡಬೇಕೆಂದು ನಮಗೆ ಗೊತ್ತು, ವಾಸಿಯಾಗದ್ದಕ್ಕೂ ಗೊತ್ತು. ಹೋಗಿ ಹೋಗಿ ಬರುವ ಕಾಯಿಲೆಗೆ ಏನು ಹೇಳುವುದು? "ಅಯ್ಯೋ, ಮತ್ತೇನಾ?" ಎನ್ನುತ್ತಾರೆ. ಏನೋ ನಾನೇ ಕರೆಸಿಕೊಂಡ ಹಾಗೆ.

ಹೀಗೆ ಎಡಗಿವಿ ಮನೆಯ ಉಡಾಳ ಮಗನಾಗಿ, ಸಂಸಾರದ ಭಾರವೆಲ್ಲ ಬಲಗಿವಿಯ ಮೇಲೆ ಬಿದ್ದಿದೆ. ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ನಾನು ಟೀಚರು. ನನ್ನ ಎಡಗಡೆಯ ಸಾಲಿನ ಮಕ್ಕಳು ಏನು ಪಿಸುಗುಟ್ಟಿದರೂ ಕ್ಷೇಮ, ಬಲಗಡೆಯವರು ಸಿಕ್ಕಿಬೀಳುತ್ತಾರೆ. ಇದು ಮಕ್ಕಳಿಗೆ ನನಗಿಂತ ಮೊದಲು ಗೊತ್ತಾಗಿತ್ತು. ರಸ್ತೆಯಲ್ಲಿ ನಮ್ಮವರು ಯಾವಾಗಲೂ ನನ್ನ ಬಲಕ್ಕೇ ನಡೆಯುತ್ತಾರೆ. ಮದುವೆಮನೆಯಲ್ಲಿ ಊಟದ ಸಾಲಿನ ಎಡತುದಿ ನನ್ನದು.

ಈಗ ಆ ಬಲಗಿವಿಯೂ ಸೋರಿದರೆ? ಅಲ್ಲೂ ಅದೇ ಬೆಳೆದಿದ್ದರೆ? ಅಪರೂಪಕ್ಕೆ ಎರಡೂ ಕಡೆ ಬರುವುದುಂಟು ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದರು. ಸೋರುವ ಕಿವಿಗೆ ಮೆಷಿನ್ ಹಾಕಿಕೊಳ್ಳುವುದೂ ಕಷ್ಟ. ಕೇಳಿಸದ ಟೀಚರು ಎಷ್ಟು ದಿನ ಟೀಚರಾಗಿ ಇರುತ್ತಾಳೆ? ಕೆಲಸ ಹಾಳಾಗಲಿ, ಮನೆಯವರ ದನಿ ಕೇಳಿಸದ ಮನೆಯಲ್ಲಿ ನಾನು ಹೇಗಿರುವುದು? ದಿಂಬಿನ ಮೇಲಿನ ಅಂಗೈ ಅಗಲದ ಕಲೆಯ ಮುಂದೆ ಕೂತು ನಾನು ಇಷ್ಟನ್ನೂ ಯೋಚಿಸಿ ಮುಗಿಸಿದೆ.

ನಮ್ಮವರು ಕಲೆಯನ್ನು ನೋಡಿ ಫೋನ್ ತೆಗೆದುಕೊಂಡರು. ಘಟ್ಟದ ಕೆಳಗಿನ ನಮ್ಮ ಮಾಮೂಲಿ ಆಸ್ಪತ್ರೆಯವರು ಮಂಗಳವಾರ ಬರಲು ಹೇಳಿದರು.

ಈ ಮಾತುಕತೆ ಅಡುಗೆಮನೆಯಲ್ಲಿದ್ದ ಅತ್ತೆಗೆ ಕೇಳಿಸಿತು. (ನಮ್ಮ ಮನೆಯಲ್ಲಿ ಎರಡೂ ಕಿವಿ ಚುರುಕಾಗಿರುವುದು ಎಪ್ಪತ್ತು ದಾಟಿದ ಅತ್ತೆಗೇ.) ಕೈಯಲ್ಲಿ ದೋಸೆ ಸೌಟು ಹಿಡಿದೇ ಬಂದರು.

"ಯಾವ ಕಿವಿಯೇ?"

"ಬಲಗಡೆದು, ಅತ್ತೆ."

ಅವರು ಹೊಸ್ತಿಲ ಮೇಲೆ ಕುಸಿದು ಕೂತರು. ಹೊಸ್ತಿಲ ಮೇಲೆ ಯಾರಾದರೂ ಕೂತರೆ ಗದರುವವರು ಅವರೇ. ಸೌಟಿನಿಂದ ಹಿಟ್ಟು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಹಂಗಾದ್ರೆ ಆಗೇ ಹೋತು," ಎಂದರು. "ತಪ್ಪು ನಂದು ಮಾರಾಯ್ತಿ. ನಿನ್ನ ಬಲಗಿವಿ ನಾನೇ ಕೊಟ್ಟು ಬಂದೆ."

ಕೊಟ್ಟು ಬಂದೆ ಎಂದರೆ? ಯಾರಿಗೆ?

ನಿಧಾನವಾಗಿ ಎಲ್ಲ ಹೊರಬಂತು. ನನ್ನ ಮೂರನೆಯ ಆಪರೇಷನ್ನಿನ ಹೊತ್ತಿಗೆ ಅತ್ತೆ ಹೊಳೆಯಾಚೆಯ ದೇವಸ್ಥಾನದ ಅಮ್ಮನಿಗೆ ಹರಕೆ ಹೊತ್ತಿದ್ದರು. ಸೊಸೆಯ ಕಿವಿ ಒಣಗಿದರೆ ಬೆಳ್ಳಿಯ ಕಿವಿ ಒಪ್ಪಿಸುತ್ತೇನೆ ಅಂತ. ನಮ್ಮ ಕಡೆ ಇದು ಹೊಸದಲ್ಲ. ಕಣ್ಣಿನ ನೋವಿಗೆ ಬೆಳ್ಳಿಯ ಕಣ್ಣು, ಕಾಲು ಮುರಿದರೆ ಬೆಳ್ಳಿಯ ಕಾಲು. ಕಿವಿ ಒಣಗಿತು. ಅತ್ತೆ ನನಗೆ ಒಂದು ಮಾತೂ ಹೇಳದೆ (ಹೇಳಿದ್ದರೆ ನಾನು ನಗುತ್ತಿದ್ದೆ, ಅದು ಅವರಿಗೆ ಗೊತ್ತು) ಹೊಸನಗರದಲ್ಲಿರುವ ತಂಗಿಯನ್ನು ಕರೆದುಕೊಂಡು ಸಾಗರಕ್ಕೆ ಹೋದರು. ಪೇಟೆಯ ಬೆಳ್ಳಿ ಅಂಗಡಿಯಲ್ಲಿ ಕಿವಿ ಕೇಳಿದರು. ಅಂಗಡಿಯವನು ಡಬ್ಬಿಯಿಂದ ತಗಡಿನ ಕಣ್ಣು, ಕೈ, ಕಾಲು ಎಲ್ಲ ಹರವಿದ. ಕಿವಿ ಒಂದೇ ಒಂದಿತ್ತು. ತೆಗೆದುಕೊಂಡರು.

ಆಗಿನ್ನೂ ಹೊಳೆಗೆ ಸೇತುವೆ ಆಗಿರಲಿಲ್ಲ. ಹೊಳೆಬಾಗಿಲಿನ ದಡದಲ್ಲಿ ಲಾಂಚ್ ಹತ್ತಿ, ಲಾಂಚು ನೀರಿನ ನಡುವೆ ಬಂದ ಮೇಲೆ ಅಕ್ಕತಂಗಿಯರು ಪೊಟ್ಟಣ ಬಿಚ್ಚಿ ನೋಡಿದರು. ಚೆಂದ ಕಂಡಿತು. ಅತ್ತೆ ಅದನ್ನು ತಂಗಿಯ ಎಡಗಿವಿಯ ಪಕ್ಕ ಹಿಡಿದರು. ಹೊಂದಲಿಲ್ಲ. ಬಲಗಿವಿಯ ಪಕ್ಕ ಹಿಡಿದರು. ಹೊಂದಿತು.

"ಲಾಂಚು ತಿರುಗ್ಸಿ ಅಂತ ಹೇಳದಾ?" ಎಂದು ಅತ್ತೆ ನನ್ನನ್ನೇ ಕೇಳಿದರು. "ನಿನ್ನ ಚಿಕ್ಕತ್ತೆ ಹೇಳಿದ್ಲು, ಕಿವಿ ಅಂದ್ರೆ ಕಿವಿ, ಅಮ್ಮಂಗೆ ಗೊತ್ತಾಗ್ತದೆ ಬಿಡೇ ಅಂತ. ನಾನೂ ಹೌದು ಅಂದ್ಕಂಡೆ. ತಟ್ಟೆಗೆ ಹಾಕಿ ಬಂದೆ."

ನಮ್ಮವರು ಎಂಜಿನಿಯರಿಂಗ್ ಓದಿದವರು. ಕೂಡಲೇ ಪರಿಹಾರ ಕಂಡುಹಿಡಿದರು.

"ಅಮ್ಮ, ಅದು ತಗಡು. ಮಗುಚಿ ಹಾಕಿದ್ರೆ ಎಡಗಿವಿ ಆಗ್ತಿತ್ತು."

"ನೋಡಿದ್ದೆ ಕಣಾ," ಎಂದರು ಅತ್ತೆ. "ಮಗುಚಿದ್ರೆ ಉಬ್ಬಿದ್ದೆಲ್ಲ ಒಳಗೆ ಹೋಗ್ತದೆ. ಗುಂಡಿ ಬಿದ್ದ ಕಿವಿ ಕಾಣ್ತದೆ. ಗುಂಡಿ ಬಿದ್ದ ಕಿವಿನ ದೇವರಿಗೆ ಕೊಡದಾ?"

ನನ್ನ ಎಡಗಿವಿಯೊಳಗೆ ಈಗ ಇರುವುದು ಅದೇ. ಮೂಳೆ ಕೊರೆದು ಕೊರೆದು ಆದ ಒಂದು ಗುಂಡಿ. ಮಗುಚಿ ಹಾಕಿದ್ದರೆ ಎಷ್ಟು ಸರಿಯಾಗಿ ಹೊಂದುತ್ತಿತ್ತು!

"ಅತ್ತೆ, ದೇವರಿಗೆ ಎಡ ಬಲ ಗೊತ್ತಾಗಲ್ವಾ?" ಎಂದಷ್ಟೇ ಕೇಳಿದೆ. ಸಮಾಧಾನ ಮಾಡಲೆಂದೇ ಕೇಳಿದ್ದು.

ಅತ್ತೆ ತಲೆಯೆತ್ತಿದರು.

"ಆಸ್ಪತ್ರೆಲಿ ನಿನ್ನ ಕೆನ್ನೆ ಮೇಲೆ ಪೆನ್ನಲ್ಲಿ ಬಾಣ ಬರೆದಿದ್ರಲ್ಲ, ಎಂತಕ್ಕೆ?"

ಹೌದು, ಬರೆದಿದ್ದರು. ಪ್ರತಿ ಸಲವೂ ಬರೆಯುತ್ತಾರೆ. ಆಪರೇಷನ್ನಿಗೆ ಮೊದಲು ನರ್ಸ್ ಬಂದು "ಯಾವ ಕಿವಿ?" ಎಂದು ಕೇಳುತ್ತಾಳೆ. ಅರಿವಳಿಕೆಯ ಡಾಕ್ಟರು ಬಂದು ಕೇಳುತ್ತಾರೆ. ಕೊನೆಗೆ ಕೊಯ್ಯುವವರೂ ಕೇಳಿ, ಕಿವಿಯ ಕಡೆಗೆ ಬಾಣ ಎಳೆಯುತ್ತಾರೆ. ತಪ್ಪು ಕಿವಿ ಕೊಯ್ಯಬಾರದಲ್ಲ!

"ಅಷ್ಟು ಓದಿದೋರಿಗೇ ಗುರ್ತು ಬೇಕಾತು. ಅಮ್ಮಂಗೆ ದಿನಕ್ಕೆ ಎಷ್ಟು ಜನ? ನಾನು ಗುರ್ತು ತಪ್ಪಿಸಿ ಕೊಟ್ಟೆ."

ಈ ವಾದಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ಬರೆದು ಕಳಿಸಿ.

ಅತ್ತೆಗೆ ಆ ಕ್ಷಣವೇ ಸಾಗರಕ್ಕೆ ಹೋಗಬೇಕಿತ್ತು. ಎಡಗಿವಿ ಕೊಂಡು, ಹೊಳೆ ದಾಟಿ, ತಪ್ಪುಕಾಣಿಕೆ ಇಟ್ಟು, ಡಾಕ್ಟರು ಮುಟ್ಟುವ ಮೊದಲೇ ಲೆಕ್ಕ ಸರಿಮಾಡಬೇಕಿತ್ತು. ನಾನು ಬೇಡ ಎಂದೆ. ದನಿ ಸ್ವಲ್ಪ ಏರಿತು. "ಮೊದಲು ಏನಾಗಿದೆ ಅಂತ ಗೊತ್ತಾಗಲಿ. ನನಗೆ ಈಗ ಹರಕೆ, ಗಿರಕೆ ಯಾವುದೂ ಬೇಡ." ಅತ್ತೆ ಎದ್ದು ನೆಲದ ಹಿಟ್ಟು ಒರೆಸಿ ಒಳಗೆ ಹೋದರು. ಮಧ್ಯಾಹ್ನ ಊಟ ಮಾಡಲಿಲ್ಲ.

ಸೋಮವಾರ ಶಾಲೆಗೆ ಹೋದೆ. ಹೋಗಬಾರದಿತ್ತು. ಬಲಗಿವಿ ಹತ್ತಿ ತುರುಕಿದ ಹಾಗೆ ಕಟ್ಟಿತ್ತು. (ನಿಜಕ್ಕೂ ಹತ್ತಿ ತುರುಕಿಕೊಂಡೇ ಇದ್ದೆ. ಒಂದಾದರೂ ಚೆನ್ನಾಗಿರಲಿ ಎಂದು ಮಳೆಗಾಲ ಶುರುವಾದಾಗಿನಿಂದ ಬಲಗಿವಿಗೆ ಎಣ್ಣೆ ಸವರಿದ ಹತ್ತಿ ಇಟ್ಟುಕೊಂಡೇ ಓಡಾಡುತ್ತಿದ್ದೆ.) ಮುಂದಿನ ಬೆಂಚಿನ ಹುಡುಗಿಗೆ ಪಾಠ ಓದು ಎಂದೆ. ಓದಿದಳು. ಪುಸ್ತಕ ನೋಡುತ್ತಾ "ಹೂಂ, ಮುಂದೆ" ಎಂದೆ. ಮತ್ತೊಮ್ಮೆ "ಹೂಂ, ಮುಂದೆ" ಎಂದೆ. ತಲೆಯೆತ್ತಿದರೆ ಇಡೀ ಕ್ಲಾಸು ನಗುತ್ತಿತ್ತು. ಅವಳು ಪಾಠ ಮುಗಿಸಿ ಕೂತು ಬಹಳ ಹೊತ್ತಾಗಿತ್ತಂತೆ. ನಾನೂ ನಕ್ಕೆ. ನಕ್ಕು, ಸ್ಟಾಫ್ ರೂಮಿಗೆ ಬಂದು, ನೀರು ಕುಡಿಯುವ ನೆವದಲ್ಲಿ ಗೋಡೆಯ ಕಡೆ ತಿರುಗಿ ನಿಂತುಕೊಂಡೆ.

ಮಂಗಳವಾರ ಕಾರು ಹೊರಟಿತು. ಬೇಡವೆಂದರೂ ಅತ್ತೆ ಹಿಂದಿನ ಸೀಟಿನಲ್ಲಿ ಕೂತರು. ನಮ್ಮ ದೇಶದಲ್ಲಿ ಡ್ರೈವರ್ ಬಲಗಡೆ ಕೂರುವುದು ನನ್ನ ಪುಣ್ಯ. ಗಂಡ ಹೇಳಿದ್ದು ಎಷ್ಟೋ ಅಷ್ಟು ಕೇಳಿಸುತ್ತದೆ.

ಆಗುಂಬೆ ಘಾಟಿ ಇಳಿಯುವಾಗ ಎಲ್ಲರ ಕಿವಿಯೂ ಕಟ್ಟುತ್ತದೆ. ನಮ್ಮ ಕಡೆಯವರಿಗೆ ಇದು ಅಭ್ಯಾಸ. ಬಾಯಲ್ಲಿ ಏನಾದರೂ ಇಟ್ಟುಕೊಂಡು ಎಂಜಲು ನುಂಗುತ್ತಾ ಕೂತರೆ ಯಾವುದೋ ತಿರುವಿನಲ್ಲಿ ಟಪ್ ಎಂದು ಬಿಡುತ್ತದೆ. ನನ್ನ ಪಾಲಿಗೆ ಅದೇ ಮೊದಲ ಚೆಕಪ್. ಎಡಗಿವಿ ಎಂದೂ ಬಿಡುವುದಿಲ್ಲ, ಬಲಗಿವಿ ಎಂದೂ ಕೈಕೊಟ್ಟಿಲ್ಲ. ಕೊನೆಯ ತಿರುವಿಗೆ ಬರುವಷ್ಟರಲ್ಲಿ ಬಿಟ್ಟೇಬಿಡುತ್ತದೆ.

ಅತ್ತೆ ಹಿಂದಿನಿಂದ ಕೈ ಚಾಚಿ ಒಣಗಿಸಿದ ನೆಲ್ಲಿಕಾಯಿ ಕೊಟ್ಟರು. ಭಾನುವಾರದ ನಂತರ ನಮ್ಮಿಬ್ಬರ ನಡುವೆ ಆದ ಮೊದಲ ವ್ಯವಹಾರ ಅದು. ನಾನು ಚೀಪಿದೆ, ನುಂಗಿದೆ, ಆಕಳಿಸಿದೆ. ಒಂದೊಂದೇ ತಿರುವು ಕಳೆಯಿತು. ಬಿಡಲಿಲ್ಲ. ಗಂಡನ ತುಟಿ ಅಲ್ಲಾಡುತ್ತಿತ್ತು, ದನಿ ಮಾತ್ರ ಕಂಬಳಿಯೊಳಗಿಂದ ಬಂದ ಹಾಗೆ. ಘಾಟಿ ಮುಗಿದು ಸೋಮೇಶ್ವರ ಬಂತು. ಆಗಲೂ ಬಿಡಲಿಲ್ಲ. ಡ್ಯಾಷ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆನಂತೆ. ಆಮೇಲೆ ನಮ್ಮವರು ಹೇಳಿದರು.

ಡಾಕ್ಟರು ಕರಾವಳಿಯವರು. ನನ್ನ ಕಿವಿಯ ಇತಿಹಾಸ ಪೂರ್ತಿ ಬಲ್ಲವರು.

"ಈ ಸಲ ಬಲಗಡೆಯಾ? ಕೂತ್ಕೊಳ್ಳಿ, ನೋಡುವ," ಎಂದರು.

ಮೈಕ್ರೋಸ್ಕೋಪ್ ಹತ್ತಿರ ಬಂತು. ಹೀರುವ ನಳಿಕೆ ಒಳಗೆ ಹೋಯಿತು. ಕಿವಿಯೊಳಗೆ ಅದರ ಸದ್ದು ಎಷ್ಟು ಭಯಂಕರ ಎಂದು ಅನುಭವಿಸಿದವರಿಗೇ ಗೊತ್ತು. ನಾನು ಕಣ್ಣು ಮುಚ್ಚಿ ಅಮ್ಮ, ಅಮ್ಮ ಎನ್ನುತ್ತಿದ್ದೆ. ಹೆತ್ತಮ್ಮನೋ ಹೊಳೆಯಾಚೆಯ ಅಮ್ಮನೋ, ನನ್ನನ್ನು ಕೇಳಬೇಡಿ.

ಇದ್ದಕ್ಕಿದ್ದ ಹಾಗೆ ಪ್ರಪಂಚ ವಾಪಸು ಬಂತು. ಫ್ಯಾನಿನ ಸದ್ದು. ನರ್ಸಿನ ಬಳೆ. ಹೊರಗೆ ಯಾರದೋ ಟೋಕನ್ ನಂಬರ್ ಕೂಗುತ್ತಿದ್ದರು.

"ಎಂಥದ್ದೂ ಇಲ್ಲ ಮಾರಾಯ್ರೆ," ಎಂದರು ಡಾಕ್ಟರು. "ಬೂಷ್ಟು ಹಿಡಿದಿದೆ ಅಷ್ಟೆ. ಫಂಗಸ್. ಹತ್ತಿ ಇಟ್ಕೊಂಡೇ ಇದ್ರಾ? ನಿಮ್ಮ ಘಟ್ಟದ ಮೇಲಿನ ಮಳೆಗೆ ಚಪ್ಪಲಿ ಬೂಷ್ಟು ಹಿಡೀತದೆ, ಮುಚ್ಚಿಟ್ಟ ಕಿವಿ ಬಿಡ್ತದಾ? ಪರದೆ ಚೆನ್ನಾಗಿದೆ."

ಪರದೆ ಚೆನ್ನಾಗಿದೆ! ನನಗೆ ಆ ಡಾಕ್ಟರ ಕಾಲು ಹಿಡಿಯುವುದೊಂದು ಬಾಕಿ. ಜೋಪಾನ ಮಾಡಿ ಮಾಡಿಯೇ ಕೆಡಿಸಿದ್ದೆ ಎಂಬ ನಾಚಿಕೆಯೂ ಆಗಲಿಲ್ಲ, ಅಷ್ಟು ಖುಷಿ. ಎದ್ದು ಬ್ಯಾಗ್ ತೆಗೆದುಕೊಂಡೆ.

"ಕೂತ್ಕೊಳ್ಳಿ. ಬಂದದ್ದಕ್ಕೆ ಎಡಗಡೆಯೂ ಒಮ್ಮೆ ನೋಡಿ ಬಿಡುವ."

ನೋಡಿದರು. ಬಲಗಿವಿ ನೋಡುವಾಗ ಮಾತಾಡುತ್ತಿದ್ದವರು ಈಗ ಮಾತಾಡಲಿಲ್ಲ. ಲೈಟ್ ಸರಿಮಾಡಿಕೊಂಡರು, ಮತ್ತೆ ಬಗ್ಗಿದರು. ಈ ಮೌನವನ್ನು ನಾನು ಮೊದಲೂ ಕೇಳಿದ್ದೇನೆ. ಮೂರು ಸಲ ಕೇಳಿದ್ದೇನೆ. ಸೊಂಟದ ಹತ್ತಿರ ಸೀರೆಯ ನೆರಿಗೆಯನ್ನು ಬಿಗಿಯಾಗಿ ಹಿಡಿದು ಕೂತೆ.

"ಪುನಃ ಬಂದಿದೆ," ಎಂದರು.

ಕಲೆಯಿಲ್ಲ, ನೋವಿಲ್ಲ, ವಾಸನೆಯಿಲ್ಲ. ಸದ್ದಿಲ್ಲದೆ ಒಳಗೇ ಕೂತು ಬೆಳೆಯುತ್ತಿತ್ತು. ನಾನು ಬಲಗಿವಿಗೆ ಕಾವಲು ಕೂತಿದ್ದಾಗ ಎಡಗಿವಿ ತನ್ನ ಕೆಲಸ ಮಾಡಿಕೊಂಡಿತ್ತು.

"ಬಿಟ್ಟರೆ ಏನಾಗುತ್ತೆ ಡಾಕ್ಟ್ರೇ?"

"ಬಿಡ್ಲಿಕ್ಕೆ ಆಗುದಿಲ್ಲ. ಪಕ್ಕದಲ್ಲೇ ಮುಖದ ನರ ಇದೆ. ಮೇಲೆ ಮೆದುಳು. ಅದು ಕೇಳಿ ತಿನ್ನುದಿಲ್ಲ ಅಲ್ವಾ? ಈ ಸಲ ತೆಗೆದರೆ ಆ ಕಿವಿಯಲ್ಲಿ ಉಳಿದ ಸ್ವಲ್ಪ ಕೇಳುವುದೂ ಹೋಗಬಹುದು. ಅದನ್ನು ಈಗಲೇ ಹೇಳ್ತೇನೆ."

ಸ್ಕ್ಯಾನ್ ಆಯಿತು. ಮುಂದಿನ ತಿಂಗಳಿಗೆ ಆಪರೇಷನ್ ನಿಗದಿಯಾಯಿತು. ನಾಲ್ಕನೆಯದು.

ಉಡಾಳ ಮಗನೇ ಆದರೂ ಅಷ್ಟಿಷ್ಟು ದುಡಿದು ತರುತ್ತಿದ್ದ. ಎಡಗಡೆಯಿಂದ ಲಾರಿ ಬಂದರೆ ಒಂದು ಗುಂಯ್ ಎನ್ನುವ ಸೂಚನೆಯಾದರೂ ಸಿಗುತ್ತಿತ್ತು. ಅದೂ ಹೋಗಬಹುದು ಎಂದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ಅಳು ಬಂತು. ಮರೆಸಲಿಕ್ಕೂ ಹೋಗಲಿಲ್ಲ.

ವಾಪಸು ಘಾಟಿ ಹತ್ತಿದೆವು. ಮೇಲೆ ಬಂದು, ಒಂದು ಅಂಗಡಿಯ ಮುಂದೆ ಚಹಾಕ್ಕೆ ನಿಲ್ಲಿಸಿದಾಗ ಅತ್ತೆ ಬಾಯಿ ಬಿಟ್ಟರು.

"ಬಲಗಿವಿಗೆ ಎಂಥದೂ ಆಗಿಲ್ಲ ಅಂದ್ರಾ?"

"ಇಲ್ಲ ಅತ್ತೆ. ಬರೀ ಬೂಷ್ಟು."

"ಎಡಗಿವಿಗೆ ಬಂದದೆ?"

"ಹೌದು."

ಅವರು ಚಹಾದ ಲೋಟವನ್ನು ಬಾನೆಟ್ಟಿನ ಮೇಲಿಟ್ಟರು. ಮೂರು ದಿನದಿಂದ ಬಾಡಿದ್ದ ಮುಖದಲ್ಲಿ ಏನೋ ಒಂದು ಗಟ್ಟಿಯಾಯಿತು.

"ಮತ್ತೆ ನೋಡು! ಅಮ್ಮ ತಪ್ಪಿಲ್ಲ. ಯಾವ ಕಿವಿ ಕೊಟ್ವೋ ಅದನ್ನ ಕಾದ್ಲು. ಕೊಡದೆ ಇದ್ದದ್ದನ್ನ ಕಾಯ್ಲಿಲ್ಲ. ನಾವು ಕೊಟ್ಟಿದ್ದೇ ಬಲಗಿವಿ ಅಲ್ಲನೇ?"

ನಮ್ಮವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಅತ್ತೆಯ ವಾದದಲ್ಲಿ ಎಲ್ಲಾದರೂ ಒಂದು ಬಿರುಕು ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹುಡುಕುವ ಮನಸ್ಸೇ ಇರಲಿಲ್ಲ. ಭಾನುವಾರದಿಂದ ನನ್ನ ಬಲಗಿವಿಯನ್ನು ತಾನೇ ಕೊಟ್ಟು ಬಂದೆ ಎಂದು ಕೊರಗಿ ಕೊರಗಿ ಸಣ್ಣಗಾಗಿದ್ದ ಮುದುಕಿ, ಅದೇ ಕಿವಿಯನ್ನು ತಾನೇ ಉಳಿಸಿಕೊಟ್ಟೆ ಎಂದು ನನ್ನೆದುರು ಎದೆಸೆಟೆಸಿ ನಿಂತಿದ್ದರು. ತಪ್ಪೆಂದು ಹೇಳಿ ನನಗೇನು ಸಿಗಬೇಕಿತ್ತು?

"ಹೌದು ಅತ್ತೆ," ಎಂದೆ. ಎರಡು ಬನ್ಸ್ ತರಿಸಿದೆ. ತಿಂದರು.

ಬುಧವಾರ ಸಂಜೆ ಶಾಲೆಯಿಂದ ಬಂದಾಗ ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆ ಮತ್ತು ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಹಿಂದೆಲ್ಲ ಪೇಟೆಗೆ ಹೋಗುವವರ ಹತ್ತಿರ ಚಪ್ಪಲಿ ತರಿಸುವಾಗ ನೆಲದ ಮೇಲೆ ಕಾಗದ ಹಾಸಿ, ಪಾದ ಇಟ್ಟು, ಸುತ್ತ ಗೆರೆ ಎಳೆದು ಕೊಡುತ್ತಿದ್ದೆವಲ್ಲ, ಹಾಗೆ ನನ್ನ ಎಡಗಿವಿಯ ಅಳತೆ ಬೇಕಂತೆ. ಈ ಸಲ ಅಂಗಡಿಯವನ ಡಬ್ಬಿಯನ್ನು ನಂಬುವ ಪ್ರಶ್ನೆಯೇ ಇಲ್ಲ. ಅಳತೆ ಕೊಟ್ಟು ಮಾಡಿಸುವುದೇ.

ನಾನು ನಗಲಿಲ್ಲ. ಮೇಜಿನ ಮೇಲೆ ಹಾಳೆ ಹಾಸಿ, ಎಡಗಿವಿಯನ್ನು ಅದಕ್ಕೆ ಒತ್ತಿ ತಲೆಯಿಟ್ಟೆ.

"ಅಲ್ಲಾಡ್ಬೇಡ," ಎಂದರು.

ಪೆನ್ಸಿಲು ಕಿವಿಯ ಮೇಲ್ತುದಿಯಿಂದ ಹೊರಟು, ಹಿಂಬದಿಯ ಹಳೆಯ ಗಾಯದ ಗುರುತಿನ ಪಕ್ಕದಲ್ಲೇ ಇಳಿಯಿತು. ಕಾಗದದ ಮೇಲೆ ಪೆನ್ಸಿಲು ಎಳೆದರೆ ಪರಪರ ಸದ್ದಾಗಬೇಕು. ಅದೂ ಕಿವಿಗೆ ಅಂಟಿಕೊಂಡೇ. ನಾನು ಬಲಗಿವಿಯನ್ನು ಬೆರಳಿನಿಂದ ಮುಚ್ಚಿ, ಉಸಿರು ಹಿಡಿದು ಕಾದೆ. ಅತ್ತೆಯ ಬೆರಳು ತಾಗಿದ್ದು ತಿಳಿಯಿತು, ಪೆನ್ಸಿಲಿನ ಮೊನೆ ತಿಳಿಯಿತು. ಸದ್ದು ಮಾತ್ರ ಇರಲಿಲ್ಲ. ಆ ಕಿವಿ ಇನ್ನೂ ಸ್ವಲ್ಪ ಉಳಿದಿದೆ ಎಂದು ನಾನು ಹೇಳಿಕೊಂಡು ಬಂದದ್ದೆಲ್ಲ ನನ್ನ ಸಮಾಧಾನಕ್ಕೆ ಎಂದು ಆಗ ಗೊತ್ತಾಯಿತು. ಭಯವೇನೂ ಕಡಿಮೆಯಾಗಲಿಲ್ಲ.

ಅತ್ತೆ ಹಾಳೆಯನ್ನು ಎತ್ತಿ, ನನ್ನ ಎಡಗಿವಿಯ ಪಕ್ಕ ಹಿಡಿದು, ಹೊಂದುವ ಮಗ್ಗುಲು ಯಾವುದೆಂದು ನೋಡಿದರು. ಆ ಮಗ್ಗುಲಲ್ಲೇ ನನ್ನ ಕೈಯಿಂದ ದೊಡ್ಡ ಅಕ್ಷರದಲ್ಲಿ ‘ಎಡ’ ಎಂದು ಬರೆಯಿಸಿಕೊಂಡರು. ಸಾಲದೆಂದು ಪಕ್ಕದಲ್ಲಿ ಒಂದು ಬಾಣವನ್ನೂ ಹಾಕಿಸಿದರು, ಆಸ್ಪತ್ರೆಯವರ ಹಾಗೆ. ನಾಲ್ಕು ಮಡಿಕೆ ಮಡಿಸಿ ಪರ್ಸಿಗೆ ಸೇರಿಸಿದರು. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೊಸನಗರ, ಅಲ್ಲಿಂದ ತಂಗಿಯ ಜೊತೆ ಸಾಗರ.

ಹಾಳೆ ತೆಳ್ಳಗಿದೆ, ಗೆರೆ ಎರಡೂ ಬದಿಗೆ ಕಾಣುತ್ತದೆ. ಅಂಗಡಿಯವನು ಅದನ್ನು ಮಗುಚಿ ಹಿಡಿದು ಮತ್ತೆ ಬಲಗಿವಿ ಮಾಡದಿದ್ದರೆ ಸಾಕು, ಅಲ್ಲವೇ?